ಜಾಥಾ ಮುಗಿದ ಮೇಲೆ ಏನು ಮಾಡುವುದು?

ಪ್ರಶ್ನೆ: ಮುಂಜಾವು

ಎಲ್ಲರಿಗೂ ನಮಸ್ಕಾರ. ನಾನು ಪದವಿಯ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಕಾಲೇಜಿನ ಪರಿಸರ ಸಂಘದ ಕಾರ್ಯದರ್ಶಿಯ ಹೊಣೆ ಈ ವರ್ಷ ನನ್ನ ಮೇಲಿದೆ. ಕಳೆದ ತಿಂಗಳು ನಾವು ಮಾಲಿನ್ಯ ಮತ್ತು ಹವಾಮಾನ ಬದಲಾವಣೆಯ ಬಗ್ಗೆ ಜಾಗೃತಿ ಜಾಥಾ ನಡೆಸಿದೆವು. ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಬಂದಿದ್ದರು, ಘೋಷಣೆಗಳು ಮೊಳಗಿದವು, ಅತಿಥಿಗಳು ಯುವಜನರೇ ನಾಳಿನ ಭರವಸೆ ಎಂದು ಭಾಷಣ ಮಾಡಿದರು, ಫೋಟೋಗಳೂ ಚೆನ್ನಾಗಿ ಬಂದವು. ಮರುದಿನ ಬೆಳಿಗ್ಗೆ ವೇದಿಕೆಯ ಹಿಂದೆ ಕಟ್ಟಿದ್ದ ಫ್ಲೆಕ್ಸ್ ಬ್ಯಾನರನ್ನು ಬಿಚ್ಚಿ ಮಡಿಸುವಾಗ, ‘ಭೂಮಿಯನ್ನು ಉಳಿಸಿ’ ಎಂದು ಅಚ್ಚಾಗಿದ್ದ ಆ ಪಿವಿಸಿ ಪ್ಲಾಸ್ಟಿಕ್ ಹಾಳೆಯನ್ನು ಇನ್ನು ಎಲ್ಲಿ ಹಾಕುವುದೆಂದು ನನಗೂ ಗೆಳತಿಗೂ ತಿಳಿಯಲಿಲ್ಲ. ಅದು ಈಗಲೂ ಸಂಘದ ಕೊಠಡಿಯ ಬೀರುವಿನ ಮೇಲೆ ಸುರುಳಿಯಾಗಿ ಬಿದ್ದಿದೆ.

ಅದಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಆಮೇಲೆ ನಡೆದ ಒಂದು ಮಾತುಕತೆ. ಮೊದಲ ವರ್ಷದ ಹುಡುಗನೊಬ್ಬ, ‘ಹವಾಮಾನ ಬದಲಾಗುತ್ತಿದೆ ಎಂಬುದು ಗೊತ್ತಿಲ್ಲದವರು ಈಗ ಯಾರಿದ್ದಾರೆ, ನಾವು ಯಾರಿಗೆ ಏನನ್ನು ತಿಳಿಸಿದೆವು?’ ಎಂದು ಕೇಳಿದ. ಸರಿ, ಅದು ಹೇಗೆ ಬದಲಾಗುತ್ತಿದೆ ಎಂದು ನಾನು ತಿರುಗಿ ಕೇಳಿದಾಗ ಅವನು ತಡವರಿಸಿದ. ಹೇಳಿಕೊಡಲು ಹೊರಟ ನಾನೂ ಎರಡು ವಾಕ್ಯಗಳಾಚೆ ಹೋಗಲಾರದೆ ನಿಂತೆ. ಹಾಗಾಗಿ ಅನುಭವವುಳ್ಳವರಲ್ಲಿ ನನ್ನ ಪ್ರಶ್ನೆ ಇದು: ಜಾಗೃತಿ ಮೂಡಿಸುವುದು ಎಂದರೆ ನಿಜವಾಗಿ ಯಾವ ಕೆಲಸ? ಮತದಾನದ ಹಕ್ಕು ಆಗಷ್ಟೇ ಬಂದಿರುವ, ಕೈಯಲ್ಲಿ ಹಣವಾಗಲಿ ಅಧಿಕಾರವಾಗಲಿ ಇಲ್ಲದ ನಮ್ಮಂಥವರು ಅದನ್ನು ಹೇಗೆ ಮಾಡಿದರೆ ಒಂದು ದಿನದ ಉತ್ಸವವಾಗಿ ಮುಗಿಯದೆ ಉಳಿಯುತ್ತದೆ?

ಉತ್ತರ 1: ಕಪ್ಪುಹಲಗೆ

ನಾನು ಇಪ್ಪತ್ತು ವರ್ಷಗಳಿಂದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ನಿಮ್ಮ ಜೂನಿಯರ್ ತಡವರಿಸಿದ್ದು ನನಗೆ ಅಚ್ಚರಿಯೆನಿಸಲಿಲ್ಲ. ನನ್ನ ಬಳಿಗೆ ಬರುವ ಪ್ರಬಂಧಗಳಲ್ಲಿ ಹತ್ತರಲ್ಲಿ ಐದಾದರೂ, ಕಾರ್ಖಾನೆಗಳ ಹೊಗೆಯಿಂದ ಓಝೋನ್ ಪದರದಲ್ಲಿ ರಂಧ್ರ ಬಿದ್ದು, ಆ ರಂಧ್ರದ ಮೂಲಕ ಬಿಸಿಲು ಒಳಬಂದು ಭೂಮಿ ಬಿಸಿಯಾಗುತ್ತಿದೆ ಎಂದೇ ಆರಂಭವಾಗುತ್ತವೆ. ಓಝೋನ್ ಪದರವನ್ನು ತೆಳುವಾಗಿಸಿದ್ದು ಮುಖ್ಯವಾಗಿ ಶೈತ್ಯಯಂತ್ರಗಳಲ್ಲಿ ಮತ್ತು ಸ್ಪ್ರೇ ಡಬ್ಬಿಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್‌ಗಳು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅವುಗಳ ಬಳಕೆ ನಿಲ್ಲುತ್ತ ಬಂದು ಆ ಪದರವು ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ಭೂಮಿ ಬಿಸಿಯಾಗುತ್ತಿರುವುದು ಬೇರೆ ಕಾರಣದಿಂದ: ಕಲ್ಲಿದ್ದಲು, ತೈಲ ಮತ್ತು ಅನಿಲವನ್ನು ಸುಟ್ಟಾಗ ಹೊರಬರುವ ಇಂಗಾಲದ ಡೈಆಕ್ಸೈಡ್, ನೆಲದಿಂದ ಮೇಲಕ್ಕೆ ಹೋಗಬೇಕಾದ ಶಾಖವನ್ನು ತಡೆದು ಉಳಿಸಿಕೊಳ್ಳುತ್ತದೆ. ಇದು ಹೊಸದಾಗಿ ಕಂಡುಹಿಡಿದ ಸಂಗತಿಯೂ ಅಲ್ಲ. 1856ರಲ್ಲೇ ಯೂನಿಸ್ ಫುಟ್ ಎಂಬ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲಗಳನ್ನು ತುಂಬಿ ಬಿಸಿಲಿನಲ್ಲಿಟ್ಟು, ಇಂಗಾಲದ ಡೈಆಕ್ಸೈಡ್ ತುಂಬಿದ ಕೊಳವೆಯೇ ಹೆಚ್ಚು ಬಿಸಿಯಾಗುವುದನ್ನು ಥರ್ಮಾಮೀಟರಿನಲ್ಲಿ ಕಂಡಿದ್ದರು.

ನಿಮ್ಮ ಜಾಥಾದ ಹೆಸರಿನಲ್ಲಿ ಮಾಲಿನ್ಯ ಮತ್ತು ಹವಾಮಾನ ಬದಲಾವಣೆ ಎರಡೂ ಒಟ್ಟಿಗೆ ಇದ್ದವು ಎಂದಿರಿ. ಇವೆರಡೂ ಬಹುಮಟ್ಟಿಗೆ ಒಂದೇ ಒಲೆಯಿಂದ ಹುಟ್ಟುತ್ತವೆ, ಆದರೆ ಸ್ವಭಾವ ಬೇರೆ ಬೇರೆ. ನಿಂತಲ್ಲೇ ಎಂಜಿನ್ ಓಡುತ್ತಿರುವ ಒಂದು ವಾಹನವನ್ನು ನೆನೆಯಿರಿ. ಅದರ ಹೊಗೆಕೊಳವೆಯಿಂದ ಕೂದಲಿನ ದಪ್ಪದ ಮೂವತ್ತನೆಯ ಒಂದು ಭಾಗಕ್ಕಿಂತ ಸಣ್ಣದಾದ ಕಣಗಳೂ ಬರುತ್ತವೆ, ಇಂಗಾಲದ ಡೈಆಕ್ಸೈಡೂ ಬರುತ್ತದೆ. ಕಣಗಳು ಶ್ವಾಸಕೋಶವನ್ನು ಸೇರದೆ ಉಳಿದರೆ ಗಾಳಿ ಮಳೆಗಳಿಂದ ಕೆಲವು ದಿನಗಳಲ್ಲಿ ಅಥವಾ ವಾರಗಳಲ್ಲಿ ನೆಲಕ್ಕಿಳಿಯುತ್ತವೆ. ಬಣ್ಣವೂ ವಾಸನೆಯೂ ಇಲ್ಲದ, ಉಸಿರಾಡಿದವನಿಗೆ ಕೆಮ್ಮನ್ನೂ ತರಿಸದ ಆ ಅನಿಲದ ಒಂದು ದೊಡ್ಡ ಪಾಲು ಮಾತ್ರ ಶತಮಾನಗಳವರೆಗೆ ವಾತಾವರಣದಲ್ಲೇ ಇರುತ್ತದೆ.

ಈ ವ್ಯತ್ಯಾಸ ಇಡೀ ಜಗತ್ತಿನ ಕಣ್ಣಮುಂದೆಯೇ ಒಮ್ಮೆ ಪ್ರಯೋಗವಾಗಿ ನಡೆದುಹೋಯಿತು. 2020ರಲ್ಲಿ ಲಾಕ್‌ಡೌನ್ ಆದಾಗ ನಗರಗಳ ಆಕಾಶ ಕೆಲವೇ ವಾರಗಳಲ್ಲಿ ತಿಳಿಯಾಯಿತು. ವಾಹನಗಳ ಹೊಗೆಯಲ್ಲಿ ಬರುವ ನೈಟ್ರೋಜನ್ ಡೈಆಕ್ಸೈಡ್ ಅನಿಲ ಕುಸಿದದ್ದು ಉಪಗ್ರಹಗಳಿಗೂ ಕಂಡಿತು. ಭೂಮಿಯೇ ಗುಣವಾಯಿತು ಎಂದು ಎಷ್ಟೊಂದು ಸಂದೇಶಗಳು ಹರಿದಾಡಿದವು! ಆದರೆ ಆ ವರ್ಷ ಜಗತ್ತು ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಇಳಿದದ್ದು ಸುಮಾರು ಶೇಕಡಾ 5ರಷ್ಟು ಮಾತ್ರ. ವಾತಾವರಣದಲ್ಲಿ ಅದರ ಒಟ್ಟು ಪ್ರಮಾಣ ಆಗಲೂ ಏರಿತೇ ಹೊರತು ಇಳಿಯಲಿಲ್ಲ. ಹವಾಯಿಯ ಮೌನಾ ಲೋವಾದಲ್ಲಿ 1958ರಿಂದ ಅಳೆಯುತ್ತ ಬಂದಿದ್ದಾರೆ. ಅಂದು ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗ ಇದ್ದದ್ದು ಈಗ 420ನ್ನು ದಾಟಿದೆ. ನಲ್ಲಿಯನ್ನು ತುಸು ತಿರುಗಿಸಿದ ಮಾತ್ರಕ್ಕೆ ತೊಟ್ಟಿಯ ನೀರು ಇಳಿಯುವುದಿಲ್ಲ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ಈ ಒಂದು ಉದಾಹರಣೆಯನ್ನು ನಿಮ್ಮ ಸಂಘದ ಹತ್ತು ಜನ ಸರಿಯಾಗಿ ವಿವರಿಸಬಲ್ಲವರಾದರೆ ಅದನ್ನು ನಾನು ಜಾಥಾಕ್ಕಿಂತ ದೊಡ್ಡ ಕೆಲಸವೆಂದು ಎಣಿಸುತ್ತೇನೆ. (ಕೆಲವು ಬಗೆಯ ಮಾಲಿನ್ಯದ ಕಣಗಳು ಬಿಸಿಲನ್ನು ಹಿಂದಕ್ಕೆ ತಳ್ಳಿ ಭೂಮಿಯನ್ನು ತುಸು ತಂಪಾಗಿಯೂ ಇಡುತ್ತವೆ ಎಂಬುದನ್ನು ಸದ್ಯಕ್ಕೆ ಬದಿಗಿಡಿ. ಮೊದಲ ದಿನವೇ ಅದನ್ನು ಹೇಳಿದರೆ ಕೇಳುವವರು ಎದ್ದು ಹೋಗುತ್ತಾರೆ.)

ಉತ್ತರ 2: ಅಳತೆಗೋಲು

ಮೇಷ್ಟ್ರು ಹೇಳಿದ ವಾಹನದ ಮಾತಿನಿಂದಲೇ ಮುಂದುವರಿಸುತ್ತೇನೆ, ಏಕೆಂದರೆ ನಾವು ವಿದ್ಯಾರ್ಥಿಗಳಾಗಿದ್ದಾಗ ಮಾಡಿದ ಒಂದೇ ಉಪಯುಕ್ತ ಕೆಲಸ ಅದಕ್ಕೆ ಸಂಬಂಧಿಸಿದ್ದು. ಒಂದು ಪ್ರಾಥಮಿಕ ಶಾಲೆಯ ಗೇಟಿನ ಮುಂದೆ, ಮಕ್ಕಳನ್ನು ಕರೆದೊಯ್ಯಲು ಬಂದವರು ಗಂಟೆ ಹೊಡೆಯುವ ತನಕ ಎಂಜಿನ್ ಆರಿಸದೆ ಕಾಯುತ್ತಿದ್ದರು. ನಾವು ಐದು ಜನ ಸೇರಿ ಪಿಎಂ 2.5 ಕಣಗಳನ್ನು (ಮೇಷ್ಟ್ರು ಹೇಳಿದ, ಕೂದಲಿಗಿಂತ ಎಷ್ಟೋ ಸಣ್ಣದಾದ ಆ ಕಣಗಳೇ) ಅಳೆಯುವ ಎರಡು ಸಣ್ಣ ಸೆನ್ಸರ್‌ಗಳನ್ನು ತಂದೆವು. ಒಳಗೊಂದು ಪುಟ್ಟ ಫ್ಯಾನ್ ಗಾಳಿಯನ್ನು ಎಳೆದುಕೊಳ್ಳುತ್ತದೆ, ಲೇಸರ್ ಬೆಳಕು ಕಣಗಳಿಗೆ ತಾಗಿ ಚದುರುತ್ತದೆ, ಆ ಚದುರುವಿಕೆಯಿಂದ ಯಂತ್ರ ಕಣಗಳ ಪ್ರಮಾಣವನ್ನು ಅಂದಾಜು ಮಾಡುತ್ತದೆ. ಒಂದನ್ನು ಗೇಟಿನ ಬಳಿ, ಆರು ವರ್ಷದ ಮಗುವಿನ ಮೂಗಿನ ಎತ್ತರಕ್ಕೆ ಕಟ್ಟಿದೆವು. ಇನ್ನೊಂದನ್ನು ಶಾಲೆಯ ಹಿಂದಿನ ಆಟದ ಬಯಲಿನಲ್ಲಿಟ್ಟೆವು.

ತಪ್ಪುಗಳನ್ನೇ ಮೊದಲು ಹೇಳುತ್ತೇನೆ, ನಿಮಗೆ ಅವೇ ಹೆಚ್ಚು ಉಪಯೋಗಕ್ಕೆ ಬಂದಾವು. ಎರಡು ಸೆನ್ಸರ್‌ಗಳನ್ನು ಮೊದಲು ಅಕ್ಕಪಕ್ಕದಲ್ಲಿಟ್ಟು ಹೋಲಿಸಬೇಕಿತ್ತು, ನಾವು ಹಾಗೆ ಮಾಡಲಿಲ್ಲ. ಒಂದು ಸದಾ ತುಸು ಹೆಚ್ಚು ತೋರಿಸುತ್ತದೆ ಎಂದು ಗೊತ್ತಾಗುವಷ್ಟರಲ್ಲಿ ಒಂದು ವಾರದ ಅಳತೆ ಹಾಳಾಗಿತ್ತು. ಮಂಜು ಬಿದ್ದ ಬೆಳಗಿನಲ್ಲಿ ಸಂಖ್ಯೆ ದಿಢೀರನೆ ಜಿಗಿದಾಗ ನಾವು ಸಂಭ್ರಮಪಟ್ಟೆವು. ತೇವ ಹೆಚ್ಚಿದ್ದಾಗ ಕಣಗಳು ನೀರನ್ನು ಹೀರಿ ಉಬ್ಬುವುದರಿಂದ ಇಂಥ ಯಂತ್ರಗಳು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತವೆ ಎಂಬುದು ಆಮೇಲೆ ತಿಳಿಯಿತು. ಎಲ್ಲಕ್ಕಿಂತ ನಾಚಿಕೆಯಾದದ್ದು ಪೋಷಕರ ಮೊದಲ ಸಭೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಪ್ರತಿ ಘನ ಮೀಟರಿಗೆ 15 ಮೈಕ್ರೋಗ್ರಾಂ. ನಾವು ಒಂದು ನಿಮಿಷದ ಅತಿ ಹೆಚ್ಚಿನ ಅಳತೆಯನ್ನು ಅದರ ಪಕ್ಕದಲ್ಲಿಟ್ಟು, ಮಿತಿಗಿಂತ ಇಷ್ಟು ಪಟ್ಟು ಹೆಚ್ಚು ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದೆವು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ತಾಯಿ ಎದ್ದು, ‘ಆ ಮಿತಿ ಇಪ್ಪತ್ನಾಲ್ಕು ಗಂಟೆಗಳ ಸರಾಸರಿಗೆ ಅಲ್ಲವೇ?’ ಎಂದು ಶಾಂತವಾಗಿ ಕೇಳಿದರು. ಅಷ್ಟೇ. ಆ ದಿನ ನಮ್ಮ ಬೇರೆ ಯಾವ ಮಾತನ್ನೂ ಯಾರೂ ನಂಬಲಿಲ್ಲ.

ಎರಡು ತಿಂಗಳು ಬಿಟ್ಟು ಮತ್ತೆ ಹೋದಾಗ ನಮ್ಮ ಬಳಿ ಒಂದೇ ಒಂದು ಗ್ರಾಫ್ ಇತ್ತು. ಅದರಲ್ಲಿ ಎರಡು ಗೆರೆಗಳು, ಒಂದು ಶಾಲೆ ಇದ್ದ ದಿನಗಳದು, ಇನ್ನೊಂದು ರಜಾದಿನಗಳದು, ಎರಡೂ ಗೇಟಿನ ಬಳಿಯ ಅದೇ ಹೊತ್ತಿನವು. ಗಂಟೆ ಹೊಡೆಯುವುದಕ್ಕೆ ಸುಮಾರು ಇಪ್ಪತ್ತು ನಿಮಿಷ ಮುಂಚೆ ಮೊದಲನೆಯ ಗೆರೆ ಏರುತ್ತಿತ್ತು, ಎರಡನೆಯದು ಏರುತ್ತಿರಲಿಲ್ಲ. ಘೋಷಣೆ ಇಲ್ಲ, ಭಯ ಹುಟ್ಟಿಸುವ ಚಿತ್ರಗಳಿಲ್ಲ, ಕಾಯುವಾಗ ಎಂಜಿನ್ ಆರಿಸಿ ಎಂಬ ಒಂದೇ ಕೋರಿಕೆ. ಎಲ್ಲರೂ ಒಪ್ಪಲಿಲ್ಲ, ಸೆಕೆಯಲ್ಲಿ ಎಸಿ ಆರಿಸಿ ಕೂರಲಾಗದು ಎಂದು ಹಲವರು ಖಂಡಿತವಾಗಿ ಹೇಳಿದರು. ಆದರೆ ಶಾಲೆಯವರು ವಾಹನಗಳು ನಿಲ್ಲುವ ಜಾಗವನ್ನು ಗೇಟಿನಿಂದ ದೂರಕ್ಕೆ ಸರಿಸಿದರು. ಅದು ಹವಾಮಾನ ಬದಲಾವಣೆಯನ್ನು ನಿಲ್ಲಿಸಿತೇ ಎಂದು ಕೇಳಬೇಡಿ, ಇಲ್ಲ. ಆದರೆ ಆ ಎರಡು ಗೆರೆಗಳನ್ನು ನೋಡಿದವರಿಗೆ ಇಂಧನ ಸುಡುವುದಕ್ಕೂ ತಮ್ಮ ಮಗುವಿನ ಉಸಿರಿಗೂ ಇರುವ ನಂಟು ಬೇರೆ ಯಾರ ಭಾಷಣದ ಅಗತ್ಯವೂ ಇಲ್ಲದೆ ಅರ್ಥವಾಯಿತು.

ಉತ್ತರ 3: ಬಿಸಿಲುಮಚ್ಚು

ಮೇಲಿನ ಎರಡೂ ಉತ್ತರಗಳನ್ನು ಒಪ್ಪುತ್ತೇನೆ, ಆದರೂ ಒಂದು ತಕರಾರು ಇದೆ. ‘ಜಾಗೃತಿ’ ಎಂಬುದು ಹಿರಿಯರಿಗೆ ಬಹಳ ಅನುಕೂಲವಾದ ಪದ. ಯುವಕರು ಜಾಗೃತಿ ಮೂಡಿಸಲಿ ಎಂದು ಹೇಳಿಬಿಟ್ಟರೆ ನಿರ್ಧಾರ ತೆಗೆದುಕೊಳ್ಳಬೇಕಾದವರು ವೇದಿಕೆಯ ಮೇಲೆ ಕುಳಿತು ಚಪ್ಪಾಳೆ ತಟ್ಟಬಹುದು. ಒಬ್ಬೊಬ್ಬರ ‘ಇಂಗಾಲದ ಹೆಜ್ಜೆಗುರುತು’, ಅಂದರೆ ಒಬ್ಬರ ಬದುಕಿನಿಂದ ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ ಎಂದು, ಲೆಕ್ಕ ಹಾಕುವ ಅಭ್ಯಾಸವನ್ನು 2000ರ ದಶಕದಲ್ಲಿ ಜಾಹೀರಾತುಗಳ ಮೂಲಕ ಮನೆಮನೆಗೆ ಮುಟ್ಟಿಸಿದ್ದು ಬಿಪಿ ಎಂಬ ತೈಲ ಕಂಪನಿ ಎಂಬುದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಯುವಜನರ ಮಾತು ನಿಜವಾಗಿ ದೂರ ಹೋದದ್ದು ಅದು ಯಾರನ್ನು ಉದ್ದೇಶಿಸಿದೆ ಎಂಬುದು ಖಚಿತವಾಗಿದ್ದಾಗ. 1992ರಲ್ಲಿ ವಿಶ್ವಸಂಸ್ಥೆಯ ರಿಯೊ ಪರಿಸರ ಶೃಂಗಸಭೆಯಲ್ಲಿ ಕೆನಡಾದ ಹನ್ನೆರಡು ವರ್ಷದ ಹುಡುಗಿ ಸೆವರ್ನ್ ಕಲ್ಲಿಸ್ ಸುಜುಕಿ ಮಾತನಾಡಿದ್ದು ದೇಶಗಳ ಪ್ರತಿನಿಧಿಗಳ ಎದುರು. 2018ರ ಆಗಸ್ಟ್‌ನಲ್ಲಿ ಹದಿನೈದರ ಗ್ರೇತಾ ತುನ್‌ಬರ್ಗ್ ಫಲಕ ಹಿಡಿದು ಕುಳಿತದ್ದು ಸ್ವೀಡನ್ನಿನ ಸಂಸತ್ತಿನ ಮುಂದೆ. ನನಗೆ ಇವೆರಡಕ್ಕಿಂತಲೂ ಹೆಚ್ಚು ಮೆಚ್ಚುಗೆಯಾಗುವುದು ಅಷ್ಟೇನೂ ಹೆಸರು ಕೇಳದ ಇನ್ನೊಂದು ಗುಂಪು. ಸಮುದ್ರ ಏರುತ್ತಿರುವ ಪೆಸಿಫಿಕ್ ದ್ವೀಪಗಳ 27 ಕಾನೂನು ವಿದ್ಯಾರ್ಥಿಗಳು 2019ರಲ್ಲಿ, ಹವಾಮಾನದ ವಿಷಯದಲ್ಲಿ ದೇಶಗಳ ಹೊಣೆ ಏನೆಂದು ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳೋಣ ಎಂದು ಹೊರಟರು. ಅವರು ಅಲ್ಲಿನ ವಾನುವಾಟು ಎಂಬ ದ್ವೀಪರಾಷ್ಟ್ರದ ಸರ್ಕಾರವನ್ನು ಒಪ್ಪಿಸಿದರು. 2023ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಆ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಕಳುಹಿಸಿತು. 2025ರ ಜುಲೈ 23ರಂದು, ಹವಾಮಾನ ವ್ಯವಸ್ಥೆಯನ್ನು ಕಾಪಾಡುವುದು ದೇಶಗಳ ಕಾನೂನಾತ್ಮಕ ಹೊಣೆ ಎಂಬ ಅಭಿಪ್ರಾಯ ಹೊರಬಂದಿತು. ಅದು ಸಲಹೆಯೇ ಹೊರತು ಆದೇಶವಲ್ಲ, ಆದರೂ ಮುಂದಿನ ಮೊಕದ್ದಮೆಗಳಿಗೆಲ್ಲ ಆಧಾರವಾಗಬಲ್ಲದ್ದು. ತರಗತಿಯೊಂದರಲ್ಲಿ ಹುಟ್ಟಿದ ಪ್ರಶ್ನೆ ಆರು ವರ್ಷ ನಡೆದು ಅಲ್ಲಿಗೆ ಮುಟ್ಟಿತು.

ಇನ್ನೊಂದು ಮಾತು. 2021ರಲ್ಲಿ ಹತ್ತು ದೇಶಗಳ 16ರಿಂದ 25 ವಯಸ್ಸಿನ ಹತ್ತು ಸಾವಿರ ಜನರನ್ನು ಕೇಳಿದ ಸಮೀಕ್ಷೆಯೊಂದರಲ್ಲಿ ಶೇಕಡಾ 59 ಮಂದಿ ಹವಾಮಾನ ಬದಲಾವಣೆಯ ಬಗ್ಗೆ ತೀವ್ರವಾಗಿ ಚಿಂತಿತರಾಗಿರುವುದಾಗಿ ಹೇಳಿದ್ದರು. ನಿಮ್ಮ ಸಂಘದವರಲ್ಲೂ ಆ ಕಳವಳ ಇರುತ್ತದೆ. ಕಾರ್ಯದರ್ಶಿಯಾಗಿ ನೀವು ಕೆಲಸವನ್ನು ಹಂಚಿ, ಯಾರಿಗೂ ಇಡೀ ಭೂಮಿಯ ಭಾರವನ್ನು ಹೊರಿಸಬೇಡಿ.

ಉತ್ತರ 4: ಎರಡು ಮಕ್ಕಳ ತಂದೆ

ನಾನು ಕೇಳುವ ಕಡೆಯವನು, ಆದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಈ ವಿಷಯದಲ್ಲಿ ಮಗಳು ನನಗೆ ಉಪದೇಶ ಮಾಡಿದಾಗಲೆಲ್ಲ ನಾನು ವಾದಕ್ಕಿಳಿದಿದ್ದೇನೆ. ಒಂದು ದಿನ ಮಾತ್ರ ಅವಳು ಶಾಲೆಯ ಚಟುವಟಿಕೆಗೆಂದು ಪೆನ್ನು ಹಿಡಿದು ಕುಳಿತು, ‘ಅಪ್ಪ, ನೀವು ನನ್ನಷ್ಟಿದ್ದಾಗ ಮಳೆ ಯಾವಾಗ ಬರುತ್ತಿತ್ತು?’ ಎಂದು ಕೇಳಿದಳು. ಉತ್ತರ ಹೇಳುತ್ತ ಹೇಳುತ್ತ ನಾನೇ ನಡುವೆ ನಿಂತುಬಿಟ್ಟೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಇಂಥದ್ದೇ ಪಾಠಕ್ರಮವನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮಕ್ಕಳು ಕಲಿತದ್ದು ಮನೆಯ ಮಾತುಕತೆಯ ಮೂಲಕ ಹೆತ್ತವರ ಕಾಳಜಿಯನ್ನೂ ಹೆಚ್ಚಿಸಿತೆಂದು, ಅದರಲ್ಲೂ ಹೆಣ್ಣುಮಕ್ಕಳ ಮಾತು ಹೆಚ್ಚು ನಾಟಿತೆಂದು ಅದು ಹೇಳುತ್ತದೆ. ನಿಮ್ಮ ಸಂಘದವರು ಮುಂದಿನ ಸಲ ಭಿತ್ತಿಪತ್ರದ ಬದಲು ಪ್ರಶ್ನೆಗಳ ಒಂದು ಹಾಳೆಯನ್ನು ಮನೆಗೆ ಒಯ್ಯಬಹುದು.

ಮುಂಜಾವು

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಸಂಘದ ಸಭೆಯಲ್ಲಿ ಇವನ್ನೆಲ್ಲ ಓದಿ ಹೇಳಿದೆ. ಈ ಸಲ ಒಂದೇ ಸಂಗತಿಯನ್ನು ಹಿಡಿಯುವುದೆಂದು ತೀರ್ಮಾನವಾಗಿದೆ: ನಮ್ಮ ಕಾಲೇಜಿನ ಡೀಸೆಲ್ ಜನರೇಟರ್ ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ, ಯಾವ ಕೋಣೆಗಳಿಗಾಗಿ ಓಡುತ್ತದೆ ಎಂದು ಮೊದಲು ಒಂದು ತಿಂಗಳು ಬರೆದಿಡುತ್ತೇವೆ. ಮಾತನಾಡಬೇಕಾದದ್ದು ಯಾರೊಡನೆ ಎಂಬುದೂ ಸ್ಪಷ್ಟವಾಗಿದೆ, ಅದಕ್ಕೆ ಸಹಿ ಹಾಕುವವರು ಪ್ರಾಂಶುಪಾಲರು. ಅಳತೆಗೋಲು ಅವರೇ, ಸೆನ್ಸರ್‌ಗಳನ್ನು ಅಕ್ಕಪಕ್ಕದಲ್ಲಿ ಎಷ್ಟು ದಿನ ಇಟ್ಟು ಹೋಲಿಸಬೇಕು? ಇನ್ನು ಆ ಬ್ಯಾನರನ್ನು ಸುಟ್ಟುಬಿಡೋಣ ಎಂದು ಒಬ್ಬರು ಸೂಚಿಸಿದ್ದಾರೆ, ಅದು ಸರಿಯೇ?

ಅಳತೆಗೋಲು

ಸುಡಬೇಡಿ. ಪಿವಿಸಿ ಉರಿದಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಕಟುವಾದ ಅನಿಲ ಬರುತ್ತದೆ, ವಿಷಕಾರಿ ಡಯಾಕ್ಸಿನ್‌ಗಳೂ ಹುಟ್ಟುತ್ತವೆ. ಹಾಳೆಯ ಹಿಂಬದಿ ಖಾಲಿ ಇದ್ದರೆ ಗ್ರಾಫ್ ಬರೆಯಲು ಅದನ್ನೇ ಬಳಸಿ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಸೆನ್ಸರ್‌ಗಳನ್ನು ಕನಿಷ್ಠ ಮೂರು ದಿನ ಒಂದೇ ಕಡೆ ಇಡಿ, ಅದರಲ್ಲಿ ಒಂದು ದಿನವಾದರೂ ಜನರೇಟರ್ ಓಡಿರಲಿ. ತೇವಾಂಶವನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.