ತಿರುವಿನಲ್ಲಿ ಮಾತ್ರ ಗೆರೆ ಬಿಟ್ಟು ಹೋಗುವ ರೋಬಾಟ್: ಎಲ್ಲವನ್ನೂ ನೋಡಿದ್ದಾಯಿತು

ಹಡಪ್ಸರದ_ಅಮ್ಮ:
ನಮ್ಮ ಸೊಸೈಟಿಯ ನಾಲ್ವರು ಮಕ್ಕಳು ಕಿಟ್ ತಂದು, ಕೆಲಸ ಹಂಚಿಕೊಂಡು, ಗೆರೆ ಹಿಡಿದು ಓಡುವ ರೋಬಾಟ್ ಜೋಡಿಸಿದ್ದಾರೆ. ಕೋಡ್ ಓಡಿಸುವ ಆರ್ಡುಯಿನೊ ಊನೊ ಹಲಗೆ, ಮೋಟಾರಿಗೆ ಕರೆಂಟ್ ಹಾಯಿಸುವ ಎಲ್298ಎನ್ ಡ್ರೈವರ್, ಎರಡು ಹಳದಿ ಗೇರ್ ಮೋಟಾರು, ಗೆರೆಯ ಎರಡು ಪಕ್ಕಕ್ಕೂ ಒಂದೊಂದು ಐಆರ್ (ಅತಿಗೆಂಪು) ಸೆನ್ಸರ್. ಬಿಳಿ ಹಾಳೆಯ ಮೇಲಿನ ನೇರ ಕಪ್ಪು ಗೆರೆಯಲ್ಲಿ ಅಚ್ಚುಕಟ್ಟಾಗಿ ಹೋಗುವ ಈ ಗಾಡಿ, ತಿರುವು ಬಂದೊಡನೆ ಅಲ್ಲಿ ಗೆರೆಯೇ ಇಲ್ಲವೆಂಬಂತೆ ಮುಂದಕ್ಕೆ ನುಗ್ಗಿ ಊಟದ ಮೇಜಿನ ಕಾಲಿಗೆ ಗುದ್ದುತ್ತದೆ. ಕೋಡ್ ಬರೆದವನು ವೈರಿಂಗ್ ಮಾಡಿದವಳನ್ನು ದೂರುತ್ತಾನೆ, ಅವಳು ಇವನನ್ನು. ನಿನ್ನೆಯಿಂದ ಇಬ್ಬರಿಗೂ ಮಾತಿಲ್ಲ. ವೈರಿಂಗನ್ನು ಮೂರು ಸಲ ಬಿಚ್ಚಿ ಹಾಕಿದ್ದೇವೆ, ದಯವಿಟ್ಟು ಮತ್ತೆ ಅದನ್ನೇ ಹೇಳಬೇಡಿ.

ಡೊಂಬಿವಲಿ_ಬೆಸುಗೆ:
ಬ್ಯಾಟರಿ ಯಾವುದೆಂದು ನೀವು ಬರೆದೇ ಇಲ್ಲ. ಕಿಟ್ಟಿನ ಜೊತೆ ಬರುವ ಚೌಕನೆಯ 9 ವೋಲ್ಟಿನದಾಗಿದ್ದರೆ ರೋಗ ಅಲ್ಲಿಯೇ ಇದೆ. ಅದು ಮೋಟಾರಿಗೆ ಬೇಕಾದಷ್ಟು ಕರೆಂಟ್ ಕೊಡಲಾರದು, ಸಾಲದ್ದಕ್ಕೆ ಎಲ್298ಎನ್ ತಾನೇ ಸುಮಾರು 2 ವೋಲ್ಟ್ ನುಂಗುತ್ತದೆ. ತಿರುಗುವಾಗ ಒಂದು ಚಕ್ರ ನಿಂತು ಭಾರವೆಲ್ಲ ಇನ್ನೊಂದರ ಮೇಲೆ ಬಿದ್ದಾಗ ವೋಲ್ಟೇಜ್ ಕುಸಿಯದೆ ಏನಾದೀತು? ಚಾರ್ಜ್ ಮಾಡಬಲ್ಲ 18650 ಲಿಥಿಯಂ ಸೆಲ್ ಎರಡು ಹಾಕಿ ನೋಡಿ.

ಫೋಂಡಾ_ರೋಬೊ:
ಬ್ಯಾಟರಿಗಿಂತ ಮೊದಲು ಆ ಡ್ರೈವರನ್ನು ಕಿತ್ತೆಸೆಯಬೇಕು. ಟಿಬಿ6612 ಡ್ರೈವರ್ ಹಾಕಿದರೆ ಇಷ್ಟು ನಷ್ಟ ಇರುವುದಿಲ್ಲ. ನನ್ನ ಗಾಡಿಯಲ್ಲಿ ಎಂಟು ಸೆನ್ಸರ್ ಸಾಲಾಗಿವೆ, ಗೆರೆಯಿಂದ ಎಷ್ಟು ಸರಿಯಿತೆಂದು ನೋಡಿ ಅದಕ್ಕೆ ತಕ್ಕಂತೆ ತಿದ್ದಿಕೊಳ್ಳುವ ಪಿಐಡಿ ಕೋಡ್ ಇದೆ. ತಿರುವಿನಲ್ಲಿ ಅದು ನಡುಗುವುದೂ ಇಲ್ಲ.

ಡೊಂಬಿವಲಿ_ಬೆಸುಗೆ:
ಮಕ್ಕಳ ಕಿಟ್ಟಿಗೆ ಎಂಟು ಸೆನ್ಸರ್ ಏಕೆ ಸ್ವಾಮಿ? ಎಲ್298ಎನ್ ಬಿಸಿಯಾದರೂ ಸುಟ್ಟುಹೋಗದೆ ತಾಳಿಕೊಳ್ಳುತ್ತದೆ. ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹತ್ತು ಅಂಗಡಿಗೆ ಒಂಬತ್ತರಲ್ಲಿ ಸಿಗುತ್ತದೆ.

ಹಡಪ್ಸರದ_ಅಮ್ಮ:
ಅದೇ 9 ವೋಲ್ಟಿನ ಬ್ಯಾಟರಿ ಇತ್ತು, ಹೇಳಲು ಮರೆತೆ. ನಿನ್ನೆ ಪುಣೆಯ ಬುಧವಾರ ಪೇಟೆಯ ತಪಕೀರ್ ಗಲ್ಲಿಗೆ ಹೋಗಿ ಎರಡು 18650 ಸೆಲ್, ಹೋಲ್ಡರ್, ಚಾರ್ಜರ್ ತಂದೆ. ಈಗ ಮೊದಲಿಗಿಂತ ಜೋರಾಗಿ ಮೇಜಿಗೆ ಗುದ್ದುತ್ತದೆ.

ಡೊಂಬಿವಲಿ_ಬೆಸುಗೆ:
ಸೆಲ್ ಪೂರ್ತಿ ಚಾರ್ಜ್ ಆಗಿರಲಿಕ್ಕಿಲ್ಲ. ಮಲ್ಟಿಮೀಟರ್ ಇಟ್ಟು ತಿರುವಿನಲ್ಲಿಯೇ ಅಳೆಯಿರಿ.

ಮಾಟುಂಗಾ_ಮಾವ:
ಬ್ಯಾಟರಿಯನ್ನು ಸ್ವಲ್ಪ ಪಕ್ಕಕ್ಕಿಡೋಣ. ಅಮ್ಮಾ, ನೀವು ‘ಕಪ್ಪು ಗೆರೆ’ ಎಂದಿರಿ; ಅದು ಯಾವುದರಿಂದ ಮಾಡಿದ ಗೆರೆ? ಸೆನ್ಸರ್ ಹಲಗೆಯ ಮೇಲೆ ಒಂದು ಪುಟ್ಟ ದೀಪವಿರುತ್ತದೆ. ಮೋಟಾರಿನ ತಂತಿ ಕಳಚಿ, ಗಾಡಿಯನ್ನು ಕೈಯಲ್ಲಿ ಹಿಡಿದು, ಸೆನ್ಸರನ್ನು ಮೊದಲು ಬಿಳಿ ಹಾಳೆಯ ಮೇಲೆ, ಆಮೇಲೆ ನೇರ ಗೆರೆಯ ಮೇಲೆ, ಕೊನೆಗೆ ತಿರುವಿನ ಗೆರೆಯ ಮೇಲೆ ತನ್ನಿ. ದೀಪ ಎಲ್ಲಿ ಹೊತ್ತುತ್ತದೆ, ಎಲ್ಲಿ ಆರುತ್ತದೆ ಎಂಬುದಷ್ಟನ್ನೇ ಬರೆಯಿರಿ.

ಹಡಪ್ಸರದ_ಅಮ್ಮ:
ಬಿಳಿಯ ಮೇಲೆ ಹೊತ್ತುತ್ತದೆ, ನೇರ ಗೆರೆಯಲ್ಲಿ ಆರುತ್ತದೆ. ತಿರುವಿನ ಗೆರೆಯ ಮೇಲೆ ಹೊತ್ತಿಯೇ ಇರುತ್ತದೆ! ವಿಚಾರಿಸಿದರೆ ಟ್ರ್ಯಾಕ್ ಮಾಡಿದ ಹುಡುಗಿ ಹೇಳಿದಳು: ಇನ್ಸುಲೇಷನ್ ಟೇಪ್ ಬಳಸಿದರೆ ತಿರುವಿನಲ್ಲಿ ಸುಕ್ಕುಗಟ್ಟಿ ಅಸಹ್ಯವಾಗಿ ಕಾಣುತ್ತಿತ್ತಂತೆ, ಆದ್ದರಿಂದ ನೇರ ಭಾಗಕ್ಕೆ ಮಾತ್ರ ಟೇಪ್ ಅಂಟಿಸಿ, ತಿರುವುಗಳನ್ನು ತಟ್ಟೆ ಬೋರಲಿಟ್ಟು ಕಪ್ಪು ಮಾರ್ಕರಿನಿಂದ ನೀಟಾಗಿ ಬರೆದಿದ್ದಾಳೆ. ಎರಡೂ ಕಪ್ಪಗೇ ಇವೆಯಲ್ಲ?

ಮಾಟುಂಗಾ_ಮಾವ:
ನಮ್ಮ ಕಣ್ಣಿಗೆ ಕಪ್ಪು, ಸೆನ್ಸರಿಗಲ್ಲ. ಇಂತಹ ಕಿಟ್ಟುಗಳಲ್ಲಿ ಸಾಮಾನ್ಯವಾಗಿರುವ ಟಿಸಿಆರ್‌ಟಿ5000 ಸೆನ್ಸರ್ ನೋಡುವುದು 950 ನ್ಯಾನೋಮೀಟರಿನ ಅತಿಗೆಂಪು ಬೆಳಕಿನಲ್ಲಿ, ಅದು ನಮ್ಮ ಕಣ್ಣಿಗೆ ಕಾಣದು. ಅನೇಕ ಮಾರ್ಕರುಗಳ ಶಾಯಿ ಕಾಣುವ ಬೆಳಕನ್ನಷ್ಟೇ ಹೀರಿಕೊಂಡು ಅತಿಗೆಂಪನ್ನು ಹಾಗೆಯೇ ಬಿಟ್ಟುಬಿಡುತ್ತದೆ. ಆ ಬೆಳಕು ಕೆಳಗಿನ ಬಿಳಿ ಹಾಳೆಗೆ ತಾಗಿ ಮರಳಿ ಬರುವುದರಿಂದ ಸೆನ್ಸರ್ ಅದನ್ನು ಬಿಳಿಯೆಂದೇ ಓದುತ್ತದೆ. ಎರಡು ಸೆನ್ಸರಿಗೂ ಬಿಳಿ ಕಂಡರೆ ನೇರ ಹೋಗು ಎಂದು ಕೋಡ್ ಹೇಳುತ್ತದೆ, ಗಾಡಿ ಹೇಳಿದಂತೆ ಕೇಳಿದೆ. ಇಂಗಾಲವಿರುವ ಕಪ್ಪಾದರೆ ಈ ತೊಂದರೆ ಇರುವುದಿಲ್ಲ: ಲೇಸರ್ ಪ್ರಿಂಟರಿನ ಮುದ್ರಣ ಆಗುತ್ತದೆ, ಬೇಕಿದ್ದರೆ ದೀಪದ ಮಸಿಯೂ ಆದೀತು. ನಿಮ್ಮ ಟೇಪು ಹೇಗೂ ಕೆಲಸ ಮಾಡುತ್ತಿದೆ. ಅದನ್ನೇ ಬೆರಳಗಲದ ತುಂಡುಗಳಾಗಿ ಕತ್ತರಿಸಿ, ಒಂದರ ತುದಿಯ ಮೇಲೆ ಇನ್ನೊಂದು ಬರುವಂತೆ ತಿರುವಿನುದ್ದಕ್ಕೂ ಅಂಟಿಸಿ. ಎಳೆದು ಅಂಟಿಸಿದರೆ ರಾತ್ರಿ ಕಳೆಯುವಷ್ಟರಲ್ಲಿ ಎದ್ದು ನಿಲ್ಲುತ್ತದೆ.

ಫೋಂಡಾ_ರೋಬೊ:
ಸೆನ್ಸರಿನ ಸೂಕ್ಷ್ಮತೆ ಹೊಂದಿಸುವ ಸ್ಕ್ರೂ ತಿರುಗಿಸಿದ್ದರೆ ಸಾಕಿತ್ತು.

ಮಾಟುಂಗಾ_ಮಾವ:
ಟೇಪಿಗೂ ಹಾಳೆಗೂ ನಡುವೆ ಅಂತರವಿದೆ, ಸ್ಕ್ರೂ ಆ ನಡುವಿನ ಮಟ್ಟವನ್ನು ಹಿಡಿದುಕೊಡುತ್ತದೆ. ಮಾರ್ಕರಿಗೂ ಹಾಳೆಗೂ ಅಂತರವೇ ಇಲ್ಲದಿದ್ದರೆ ಅದು ಏನನ್ನು ಹಿಡಿಯಬೇಕು?

ಹಡಪ್ಸರದ_ಅಮ್ಮ:
ತಿರುವುಗಳಿಗೂ ಟೇಪ್ ತುಂಡು ಅಂಟಿಸಿದ ಮೇಲೆ ನಾಲ್ಕರಲ್ಲಿ ಮೂರನ್ನು ದಾಟಿತು. ನಾಲ್ಕನೆಯದು ತುಂಬ ಕಡಿದಾಗಿದ್ದರಿಂದ ವೇಗ ಇಳಿಸಬೇಕಾಯಿತು. ಅದಕ್ಕಾಗಿ ಕೋಡಿನವನೂ ವೈರಿಂಗಿನವಳೂ ಒಂದೇ ಕುರ್ಚಿಯ ಮೇಲೆ ಕೂತು ಅಂಕಿ ಬದಲಿಸಿದರು. ಮಾರ್ಕರಿನ ಹುಡುಗಿ ಮಾತ್ರ, ತನ್ನ ಗೆರೆಯೇ ಚೆನ್ನಾಗಿತ್ತು ಎಂದು ಇನ್ನೂ ಮುಖ ಊದಿಸಿಕೊಂಡಿದ್ದಾಳೆ.

ಡೊಂಬಿವಲಿ_ಬೆಸುಗೆ:
ಆದರೂ ಹಳೆಯ ಬ್ಯಾಟರಿಯಲ್ಲಿ ಇದು ಓಡುತ್ತಿರಲಿಲ್ಲ ಎಂಬುದೇ ನನ್ನ ಅಭಿಪ್ರಾಯ.

ಹಡಪ್ಸರದ_ಅಮ್ಮ:
ಅದನ್ನೂ ಹಾಕಿ ನೋಡಿದೆವು. ಎರಡು ಸುತ್ತು ಸರಾಗವಾಗಿ ಬಂದು, ಮೂರನೆಯದರ ನಡುವೆ ಏದುಸಿರು ಬಿಡುತ್ತಾ ನಿಂತುಬಿಟ್ಟಿತು. ಸೆಲ್ಲುಗಳನ್ನು ಅಂಗಡಿಗೆ ವಾಪಸು ಕೊಡುವುದಿಲ್ಲ, ಬಿಡಿ.