ಹಿನ್ನೀರಿನ ದಡದಲ್ಲಿರುವ ಹಾಯಿದೋಣಿಯನ್ನು ಕಳ್ಳರಿಂದ ಕಾಯುವುದು ಹೇಗೆ? ಅನುಭವ ಇದ್ದವರು ಹೇಳಿ

ಸಾಗರದ ಹಾಯಿ:
ಲಿಂಗನಮಕ್ಕಿ ಹಿನ್ನೀರಿನಲ್ಲಿ, ಹೊಳೆಬಾಗಿಲಿನಿಂದ ಸ್ವಲ್ಪ ದೂರ, ಪರಿಚಯದವರ ಜಾಗದಲ್ಲಿ ನನ್ನ ಹದಿನಾಲ್ಕು ಅಡಿಯ ಫೈಬರ್ ಹಾಯಿದೋಣಿ ಇದೆ. ಕಳೆದ ಭಾನುವಾರ ಹೋಗಿ ನೋಡಿದರೆ ಮುಂದಿನ ಪೆಟ್ಟಿಗೆಯ ಕೊಂಡಿಯನ್ನು ಮೀಟಿ ತೆಗೆದಿದ್ದರು. ಬ್ಯಾಟರಿ, ಎರಡು ಲೈಫ್ ಜಾಕೆಟ್, ನಲವತ್ತು ಮೀಟರ್ ಹಗ್ಗ ಹೋಗಿವೆ. ಎಂಜಿನ್ ಮನೆಯಲ್ಲಿದ್ದುದರಿಂದ ಉಳಿಯಿತು. ಕಂಬವೂ ಹಾಯಿಯೂ ಇನ್ನೂ ಅಲ್ಲೇ ಇವೆ. ನಾನಿರುವುದು ಸಾಗರ ಪೇಟೆಯಲ್ಲಿ, ವಾರಕ್ಕೊಮ್ಮೆ ಮಾತ್ರ ಹೋಗಬಲ್ಲೆ. ಯಾವ ಬೀಗ, ಯಾವ ಸರಪಳಿ? ಕ್ಯಾಮೆರಾ ಹಾಕಬೇಕೇ?

ತೋಟದ ದೋಣಿ:
ಎಂಜಿನ್ನನ್ನು ದಡದಲ್ಲಿ ಬಿಡಲೇಬೇಡಿ. 2022ರ ನವೆಂಬರಿನಲ್ಲಿ ನನ್ನ 9.9 ಅಶ್ವಶಕ್ತಿಯ ಎಂಜಿನ್ ಹೋಯಿತು. ಕೊಂಡದ್ದು 1,68,000 ರೂಪಾಯಿಗೆ, ಮಂಗಳೂರಿನಿಂದ ತರಿಸಿದ್ದಕ್ಕೆ ಸಾಗಣೆ 3,200 ಬೇರೆ. ಅದನ್ನು ಕಟ್ಟಲು 4,600 ಕೊಟ್ಟು ಸ್ಟೇನ್‌ಲೆಸ್ ಸರಪಳಿ ತಂದಿದ್ದೆ, ತುಕ್ಕು ಹಿಡಿಯುವುದಿಲ್ಲ ಎಂದು ಅಂಗಡಿಯವನು ಹೇಳಿದ್ದ. ಸ್ಟೇನ್‌ಲೆಸ್ ಮೆದು ಎಂದು ಹೇಳಲಿಲ್ಲ. ಬೆಳಗ್ಗೆ ಹೋದಾಗ ಕತ್ತರಿಸಿದ ಕೊಂಡಿ ಕಲ್ಲಿನ ಮೇಲೆ ಬಿದ್ದಿತ್ತು, ಎರಡೂ ತುದಿ ಚಪ್ಪಟೆಯಾಗಿ ಹೊಳೆಯುತ್ತಿದ್ದವು. ಸರಪಳಿ ನೆಲಕ್ಕೆ ತಾಗುವಷ್ಟು ಸಡಿಲವಾಗಿತ್ತು, ಅದೇ ನನ್ನ ತಪ್ಪು. ಕಟರಿನ ಒಂದು ಕೈಯನ್ನು ನೆಲಕ್ಕೆ ಊರಿ ಇನ್ನೊಂದರ ಮೇಲೆ ಮೈಭಾರ ಹಾಕಿದರೆ ಎಂಥ ಸರಪಳಿಯೂ ತುಂಡಾಗುತ್ತದೆ. ಹದಗೊಳಿಸಿದ ಉಕ್ಕಿನದೇ ಬೇಕು, ಅದೂ ನೆಲ ಮುಟ್ಟದಂತೆ ಬಿಗಿಯಾಗಿ.

ದೂರು ಕೊಡಲು ಹೋದರೆ ಒಂದು ಠಾಣೆಯವರು ಆಚೆ ದಡ ನಮ್ಮದಲ್ಲ ಎಂದರು, ಇನ್ನೊಂದು ಠಾಣೆಯವರು ಈಚೆ ದಡ ನಮ್ಮದಲ್ಲ ಎಂದರು. ನಾಲ್ಕು ದಿನ ಅಲೆದೆ. ವ್ಯಾಪ್ತಿ ಯಾವುದೇ ಇರಲಿ, ಯಾವ ಠಾಣೆಯಾದರೂ ಪ್ರಕರಣ ದಾಖಲಿಸಿಕೊಳ್ಳಬೇಕು ಎಂದು ಈಗ ಹೊಸ ಕಾನೂನಿನಲ್ಲೇ ಇದೆ, 2024ರ ಜುಲೈಯಿಂದ. ಆಗ ನನಗೆ ಯಾರೂ ಹೇಳಲಿಲ್ಲ. ವಿಮೆಯವರು ಬಿಲ್ಲಿನಲ್ಲಿ ಎಂಜಿನ್ ಸಂಖ್ಯೆಯ ಒಂದು ಅಂಕಿ ತಪ್ಪಿದೆ ಎಂದು ಹನ್ನೊಂದು ತಿಂಗಳು ಎಳೆದರು, ಕೊನೆಗೆ ಬಂದದ್ದು 61,000. ಈಗ ಪ್ರತಿ ಸಂಜೆ ಎಂಜಿನ್ ಕೈಗಾಡಿಯಲ್ಲಿ ಮನೆಗೆ ಬರುತ್ತದೆ. ನಲವತ್ತು ಕೆ.ಜಿ. ಹತ್ತಿರ ತೂಕ, ಏರುದಾರಿ ಬೇರೆ. ಸೊಂಟ ಹಿಡಿದಿದೆ, ಆದರೂ ನಿದ್ದೆ ಬರುತ್ತದೆ.

ಲಕ್ಕವಳ್ಳಿಯವ:
ಸರಪಳಿಯ ಮಾತೆಲ್ಲ ದಡದಲ್ಲಿ ಕಟ್ಟುವವರಿಗೆ. ದೋಣಿ ನೀರಿನಲ್ಲಿದ್ದರೆ ಕಳ್ಳನೂ ಈಜಬೇಕು. ನಾನು ಭದ್ರಾ ಹಿನ್ನೀರಿನಲ್ಲಿ ನೂರೈವತ್ತು ಕೆ.ಜಿ.ಯ ಸಿಮೆಂಟ್ ದಿಮ್ಮಿ ಎರಕ ಹೊಯ್ದು ಇಳಿಸಿದ್ದೇನೆ. ಸಿಮೆಂಟು, ಜಲ್ಲಿ, ಕಬ್ಬಿಣ, ಇಳಿಸುವ ಆಳುಗಳ ಕೂಲಿ ಎಲ್ಲ ಸೇರಿ 7,350. ಆರು ವರ್ಷದಲ್ಲಿ ಒಂದು ಹಗ್ಗದ ತುಂಡೂ ಹೋಗಿಲ್ಲ.

ಒಂದು ಸಲ ಪೆಟ್ಟು ತಿಂದದ್ದು ನಿಜ, ಮುಚ್ಚಿಡುವುದಿಲ್ಲ. ನೀರು ಇಳಿದಷ್ಟೂ ಸರಪಳಿ ಸಡಿಲವಾಗುತ್ತದೆ, ದೋಣಿ ಸುತ್ತುವ ವೃತ್ತ ದೊಡ್ಡದಾಗುತ್ತದೆ. ಏಪ್ರಿಲ್ ಕೊನೆಯಲ್ಲಿ ಸಂಜೆಯ ಗಾಳಿಮಳೆಗೆ ದೋಣಿ ತಿರುಗಿ ಮುಳುಗಡೆ ಮರದ ಬೊಡ್ಡೆಯ ಮೇಲೆ ಕುಳಿತಿತು. ಅಂಗೈ ಅಗಲದ ತೂತು. ಫೈಬರ್ ಬಟ್ಟೆ, ರಾಳ, ಕೆಲಸಗಾರನ ಬಸ್ ಚಾರ್ಜು, ಊಟ ಸೇರಿ 18,500. ಆ ಮೇಲೆ ಹದಿನೈದು ದಿನಕ್ಕೊಮ್ಮೆ ಸರಪಳಿಯನ್ನು ಮೋಟು ಮಾಡುತ್ತೇನೆ. ಕಳ್ಳತನ ಮಾತ್ರ ಇಲ್ಲ.

ಆನಂದಪುರದ ಕಡೆಯವರು:
ಕ್ಯಾಮೆರಾ ಕೇಳಿದ್ದೀರಿ, ನನ್ನದನ್ನು ಹೇಳುತ್ತೇನೆ. ಸೌರಫಲಕ ಇರುವ, ಸಿಮ್ ಹಾಕುವ ಕ್ಯಾಮೆರಾ, 9,800 ರೂಪಾಯಿ. ಕಂಬ, ಕೊಂಡಿ, ಕಟ್ಟುವ ಕೂಲಿ 2,100. ಸಿಮ್‌ಗೆ ತಿಂಗಳ ರೀಚಾರ್ಜ್ ಬೇರೆ. ದಡದಲ್ಲಿ ಸಿಗ್ನಲ್ ಒಂದು ಗೆರೆ, ಮಳೆ ಹನಿದರೆ ಅದೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಎಲ್ಲಿಂದ ಬರಬೇಕು? ಬ್ಯಾಟರಿ ಸತ್ತು ಮಲಗಿತು. ಅಕ್ಟೋಬರಿನಲ್ಲಿ ಸರಿಮಾಡಿಸಿದೆ, ಮಂಗಗಳು ವೈರು ಕಿತ್ತವು. ಮತ್ತೆ ಸರಿಮಾಡಿಸಿದೆ. ಡಿಸೆಂಬರಿನಲ್ಲಿ ಕ್ಯಾಮೆರಾವನ್ನೇ ಬಿಚ್ಚಿಕೊಂಡು ಹೋದರು. ಮೊಬೈಲಿನಲ್ಲಿ ಉಳಿದದ್ದು ಒಂದು ಚಿತ್ರ, ಒಂದು ಕೈ, ಹಸಿರು ಸ್ವೆಟರಿನ ತೋಳು, ಅಷ್ಟೇ. ಆ ತೋಳನ್ನು ಸಂತೆಯಲ್ಲಿ ಇಂದಿಗೂ ಹುಡುಕುತ್ತೇನೆ.

ಇನ್ನೊಂದು ಮಾತು. ಮೊದಲೆಲ್ಲ ಸಂಜೆ ಹಿನ್ನೀರು ದಾಟಿಸುವ ಕೊನೆಯ ಲಾಂಚ್ ಹೋದರೆ ಆ ಕಡೆ ವಾಹನ ಸುಳಿಯುತ್ತಿರಲಿಲ್ಲ. ಸಿಗಂದೂರಿನ ಸೇತುವೆ ಆದ ಮೇಲೆ ಇಡೀ ರಾತ್ರಿ ಓಡಾಟ. ಕಳ್ಳತನ ಹೆಚ್ಚಿದ್ದು ಅಲ್ಲಿಂದಲೇ.

ಕರೂರು ಸೀಮೆಯ ಹೆಣ್ಣುಮಗಳು:
ಆನಂದಪುರದವರೇ, ಆ ಮಾತನ್ನು ವಾಪಸು ತೆಗೆದುಕೊಳ್ಳಿ. 1964ರಲ್ಲಿ ಅಣೆಕಟ್ಟು ಮುಗಿದು ನಮ್ಮ ಹಿರಿಯರ ಗದ್ದೆ ಮುಳುಗಿತು, ನಾವು ದ್ವೀಪದವರಾದೆವು. ಹೆರಿಗೆ ನೋವು ಬಂದವರನ್ನು ದಡದಲ್ಲಿ ಕೂರಿಸಿಕೊಂಡು ಲಾಂಚ್‌ಗೆ ಕಾದ ಮನೆಗಳು ನಮ್ಮವು. ತಪ್ಪಿದರೆ ಹೊಸನಗರದ ಕಡೆಯಿಂದ ಸುತ್ತಬೇಕಿತ್ತು. 2025ರ ಜುಲೈ 14ರಂದು ಸೇತುವೆ ತೆರೆದ ದಿನ ನನ್ನ ಅತ್ತೆ ಅತ್ತರು. ನಿಮ್ಮ ಕ್ಯಾಮೆರಾಕ್ಕೆ ನಮ್ಮ ಸೇತುವೆ ಹೊಣೆಯಲ್ಲ. ತೋಟದವರ ಎಂಜಿನ್ ಹೋದದ್ದು 2022ರಲ್ಲಿ, ಆಗ ಸೇತುವೆ ಎಲ್ಲಿತ್ತು?

ನಮ್ಮ ಅಣ್ಣನ ದೋಣಿಯ ಕಥೆ ಹೇಳುತ್ತೇನೆ. ಅವನ ಹಾಯಿ ಹೋಯಿತು, ಒಳ್ಳೆಯ ಡ್ಯಾಕ್ರಾನ್ ಬಟ್ಟೆ, ಎರಡನೇ ಕೈಯದಾದರೂ 22,000 ಕೊಟ್ಟಿದ್ದ. ಹಾಯಿ ಕದ್ದು ಯಾರು ಏನು ಮಾಡುತ್ತಾರೆ ಎಂದು ಎಲ್ಲರೂ ಕೇಳಿದರು. ಫೆಬ್ರವರಿಯಲ್ಲಿ ಮೂರು ಮೈಲಿ ಆಚೆ ಒಂದು ಮನೆಯ ಅಂಗಳದಲ್ಲಿ ಅದರ ಮೇಲೆ ಅಡಿಕೆ ಒಣಗುತ್ತಿತ್ತು. ಅಣ್ಣ ಬಟ್ಟೆಯ ಅಂಚು ಮಡಿಸಿ ನೋಡಿದ. ಅತ್ತಿಗೆ ಒಳಮಡಿಕೆಯಲ್ಲಿ ಕೆಂಪು ದಾರದಲ್ಲಿ ಹೊಲಿದಿದ್ದ ಮನೆಯ ಹೆಸರು ಹಾಗೇ ಇತ್ತು. ಆ ಮನೆಯವರು ಸಂತೆಯಲ್ಲಿ 700 ರೂಪಾಯಿಗೆ ಟಾರ್ಪಾಲ್ ಎಂದು ಕೊಂಡಿದ್ದರಂತೆ. ಕಾಫಿ ಕೊಟ್ಟು, ಅಡಿಕೆ ಗುಡಿಸಿ, ಹಾಯಿ ಮಡಿಸಿಕೊಟ್ಟರು. ಅಣ್ಣ 700 ಕೊಟ್ಟು ಬಂದ. ತೊಗರಿನ ಕಲೆ ಮಾತ್ರ ಇಂದಿಗೂ ಹೋಗಿಲ್ಲ.

ಹೆಸರು ಹಾಕಿ. ಹಾಯಿಯ ಒಳಮಡಿಕೆಗೆ, ಹುಟ್ಟಿಗೆ, ಚುಕ್ಕಾಣಿಯ ಹಲಗೆಗೆ, ಲೈಫ್ ಜಾಕೆಟ್ಟಿನ ಒಳಗೆ.

ಆನಂದಪುರದ ಕಡೆಯವರು:
ಅಕ್ಕ, ಸೇತುವೆ ಬೇಡ ಎಂದು ನಾನು ಹೇಳಲಿಲ್ಲ. ರಾತ್ರಿ ಗಾಡಿಗಳು ಬರುತ್ತವೆ ಎಂದೆ, ಅದು ಸುಳ್ಳೇ? 11,900 ಕಳೆದುಕೊಂಡವನು ನಾನು.

ತೋಟದ ದೋಣಿ:
ಲಕ್ಕವಳ್ಳಿಯವರೇ, ಜಲಾಶಯದ ತಳಕ್ಕೆ ದಿಮ್ಮಿ ಇಳಿಸಲು ಯಾರ ಅನುಮತಿ ತೆಗೆದುಕೊಂಡಿರಿ? ನಿಮ್ಮ ಸುತ್ತ ಹುಲಿ ಸಂರಕ್ಷಿತ ಅರಣ್ಯ. ಇಲ್ಲಿ ಜಲಾಶಯ ವಿದ್ಯುತ್ ನಿಗಮದ್ದು, ಪಕ್ಕದಲ್ಲಿ ಅಭಯಾರಣ್ಯ. ಇವರು ನಿಮ್ಮ ಮಾತು ಕೇಳಿ ದಿಮ್ಮಿ ಇಳಿಸಿ ನೋಟಿಸ್ ತಿಂದರೆ ನೀವು ಬರುತ್ತೀರಾ? ಲಿಂಗನಮಕ್ಕಿಯಲ್ಲಿ ನೀರು ಎಷ್ಟು ಇಳಿಯುತ್ತದೆ ಎಂದು ನೋಡಿದ್ದೀರಾ? ಭರ್ತಿ ಮಟ್ಟ 1819 ಅಡಿ. ಮೇ ತಿಂಗಳಲ್ಲಿ ನಮ್ಮ ಮನೆಯ ಕೆಳಗಿನ ದಡ ಕಣ್ಣಳತೆಗೂ ಸಿಗುವುದಿಲ್ಲ. ನಿಮ್ಮ ದಿಮ್ಮಿ ದನ ಕಟ್ಟಲು ಆದೀತು.

ಲಕ್ಕವಳ್ಳಿಯವ:
ಕೇಳಿಯೇ ಇಳಿಸಿದ್ದೇನೆ, ಕಾಗದ ಮನೆಯಲ್ಲಿದೆ. ನಿಮ್ಮ ಹಾಗೆ ಪ್ರತಿ ದಿನ ನಲವತ್ತು ಕೆ.ಜಿ. ಹೊರುವುದನ್ನು ಉಪಾಯ ಎಂದು ಕರೆಯಲು ನನಗೆ ಮನಸ್ಸಿಲ್ಲ. ಅದೂ ಅಲ್ಲದೆ ಅವರ ಎಂಜಿನ್ ಮೊದಲೇ ಮನೆಯಲ್ಲಿದೆ ಎಂದು ಅವರೇ ಬರೆದಿದ್ದಾರೆ. ಓದಿದ್ದೀರಾ?

ತೋಟದ ದೋಣಿ:
ಓದಿದ್ದೇನೆ. ಕಳೆದುಕೊಂಡವನ ಹೊಟ್ಟೆಯುರಿ ಕಳೆದುಕೊಳ್ಳದವರಿಗೆ ತಿಳಿಯದು.

ಸಾಗರದ ಹಾಯಿ:
ಎಲ್ಲರಿಗೂ ವಂದನೆ. ನಿನ್ನೆ ರಜೆ ಹಾಕಿ ಹೋಗಿದ್ದೆ. ಚುಕ್ಕಾಣಿ, ತಳದ ಬಿರಡೆ, ಹಾಯಿ ಮೂರನ್ನೂ ಮನೆಗೆ ತಂದೆ. ಬಿರಡೆ ಇಲ್ಲದ ದೋಣಿಯನ್ನು ನೀರಿಗೆ ತಳ್ಳಿದರೆ ದೂರ ಹೋಗಲಾರರು. ಪೆಟ್ಟಿಗೆಯನ್ನು ಖಾಲಿ ಮಾಡಿ ಬಾಗಿಲನ್ನು ತೆರೆದೇ ಬಿಟ್ಟೆ, ಇನ್ನೊಮ್ಮೆ ಮೀಟಿದರೆ ಫೈಬರೇ ಸೀಳುತ್ತದೆ. ಆದರೆ ಕಂಬ ಹದಿನೆಂಟು ಅಡಿ, ಅಲ್ಯೂಮಿನಿಯಂ, ಗುಜರಿಯವರ ಕಣ್ಣು ಅದರ ಮೇಲೇ. ಹೋದ ತಿಂಗಳು ನೀರಂಚಿನಲ್ಲಿದ್ದ ಬೊಡ್ಡೆಗೆ ಸರಪಳಿ ಹಾಕಿದ್ದೆ, ಈಗ ನೀರು ಅಲ್ಲಿಂದ ಅರವತ್ತು ಹೆಜ್ಜೆ ಕೆಳಗಿದೆ. ಕಂಬವನ್ನು ಯಾರಾದರೂ ಮನೆಗೆ ತಂದಿದ್ದೀರಾ? ಯಾವ ಗಾಡಿಯಲ್ಲಿ?

ಕರೂರು ಸೀಮೆಯ ಹೆಣ್ಣುಮಗಳು:
ತರಬೇಡಿ, ಬಾಗುತ್ತದೆ. ಜಾಗದ ಮನೆಯವರನ್ನು ಕೇಳಿ ಅವರ ಕೊಟ್ಟಿಗೆಯ ಅಟ್ಟದಲ್ಲಿ ಉದ್ದಕ್ಕೆ ಮಲಗಿಸಿ. ನಮ್ಮ ಅಣ್ಣನದು ನಾಲ್ಕು ಮಳೆಗಾಲದಿಂದ ಅಟ್ಟದಲ್ಲೇ ಇದೆ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ, ಮನೆಯಲ್ಲಿ ಅಜ್ಜಿ ಇದ್ದರೆ ಎಲೆ ಅಡಿಕೆ ಒಯ್ಯಿರಿ.