27 ಜನ, 3 ಟೇಬಲ್, 4 ಗಂಟೆ: ಪೋಕರ್ ಟೂರ್ನಮೆಂಟ್ ಹೊತ್ತಿಗೆ ಸರಿಯಾಗಿ ಮುಗಿಯುತ್ತಿಲ್ಲ

ಕೊನೆಎಲೆ

ಅಪಾರ್ಟ್‌ಮೆಂಟ್ ಕ್ಲಬ್‌ಹೌಸ್‌ನಲ್ಲಿ ನೋ-ಲಿಮಿಟ್ ಹೋಲ್ಡೆಮ್ (ಮುಂದಿರುವ ಚಿಪ್ಪಲ್ಲಿ ಎಷ್ಟು ಬೇಕಾದರೂ ಒಡ್ಡಬಹುದಾದ ಪೋಕರ್). 9 ಜನರ 3 ಟೇಬಲ್. ಹಾಲ್ ಸಿಗುವುದು ಸಂಜೆ 5ರಿಂದ 9ರವರೆಗೆ, ಆಮೇಲೆ ಲೈಟ್ ಆರಿಸುತ್ತಾರೆ. ದುಡ್ಡಿನ ವ್ಯವಹಾರ ಇಲ್ಲ, ಮೊದಲ ಮೂವರಿಗೆ ಟ್ರೋಫಿ ಅಷ್ಟೆ. ಕಳೆದ ಸಲದ ಲೆಕ್ಕ ಹೀಗಿತ್ತು:

ತಲಾ 10,000 ಚಿಪ್. ಮೊದಲ 2 ಗಂಟೆಯೊಳಗೆ ಔಟ್ ಆದವರಿಗೆ ಮತ್ತೆ 10,000. ಹಾಗೆ ಕೊಟ್ಟಿದ್ದು 14 ಸಲ. ಲೆವೆಲ್‌ಗೆ 20 ನಿಮಿಷ. ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಇಡಲೇಬೇಕಾದ ಚಿಪ್, ಸ್ಮಾಲ್/ಬಿಗ್; ಲೆವೆಲ್‌ಗೊಮ್ಮೆ ಏರುತ್ತದೆ) 25/50, 50/100, 75/150, 100/200, 125/250, 150/300, 175/350, 200/400, 250/500, 300/600, 350/700, 400/800.

9 ಗಂಟೆಗೆ ಇನ್ನೂ 9 ಜನ ಕೂತಿದ್ದರು. ಕೊನೆಗೆ ಚಿಪ್ ಎಣಿಸಿ ಗೆದ್ದವರನ್ನು ಘೋಷಿಸಬೇಕಾಯಿತು. ತಪ್ಪು ಎಲ್ಲಿದೆ? ಲೆವೆಲ್ 15 ನಿಮಿಷಕ್ಕೆ ಇಳಿಸಿದರೆ ಸಾಕಾ?

ಕೈಯಲ್ಲಿರುವುದು 500 ಚಿಪ್‌ನ 2 ಸೆಟ್. ಒಟ್ಟು ಬಿಳಿ 300, ಕೆಂಪು 300, ಹಸಿರು 200, ಕಪ್ಪು 100, ನೀಲಿ 100. ಯಾವುದರ ಮೇಲೂ ಬೆಲೆ ಅಚ್ಚಾಗಿಲ್ಲ.

ಚಿಪ್‌ಲೆಕ್ಕ

15 ನಿಮಿಷ ಮಾಡಿದರೂ ಮುಗಿಯುವುದಿಲ್ಲ. ಒಂದೇ ಒಂದು ಭಾಗಾಕಾರ ಮಾಡಿ ನೋಡಿ.

27 × 10,000 = 2,70,000. ಅದಕ್ಕೆ ರೀಬೈ (ಔಟ್ ಆದವರಿಗೆ ಮತ್ತೆ ಕೊಟ್ಟ ಚಿಪ್) 1,40,000 ಸೇರಿಸಿದರೆ 4,10,000. 9 ಗಂಟೆಗೆ ನಿಮ್ಮ ಬಿಗ್ ಬ್ಲೈಂಡ್ 800. ಅಂದರೆ ಟೇಬಲ್ ಮೇಲೆ 512 ಬಿಗ್ ಬ್ಲೈಂಡ್‌ನಷ್ಟು ಚಿಪ್, ಒಬ್ಬೊಬ್ಬರ ಮುಂದೆ ಸರಾಸರಿ 57. ಅಷ್ಟು ಇಟ್ಟುಕೊಂಡವರು ಯಾಕೆ ಆಲ್-ಇನ್ (ಇದ್ದ ಚಿಪ್ಪೆಲ್ಲ ಒಮ್ಮೆಗೇ ಒಡ್ಡುವುದು) ಹೋಗುತ್ತಾರೆ? ಒಳ್ಳೆ ಎಲೆ ಬರುವ ತನಕ ಹಾಯಾಗಿ ಕಾಯುತ್ತಾರೆ.

ನೆನಪಿಡಬೇಕಾದ ಅಂದಾಜು ಇದು: ಹಾಲ್‌ನಲ್ಲಿರುವ ಒಟ್ಟು ಚಿಪ್ಪನ್ನು 20ರಿಂದ ಭಾಗಿಸಿ. ಬಿಗ್ ಬ್ಲೈಂಡ್ ಆ ಸಂಖ್ಯೆಯ ಹತ್ತಿರ ಬಂದಾಗ ಟೂರ್ನಮೆಂಟ್ ಮುಗಿಯುತ್ತದೆ, ಸ್ವಲ್ಪ ಹಿಂದೆ ಮುಂದೆ. ನಿಮ್ಮದಕ್ಕೆ 20,500 ಬೇಕಿತ್ತು, ಇದ್ದದ್ದು 800.

ಇನ್ನೊಂದು ತಪ್ಪು ಏರಿಕೆಯ ರೀತಿಯಲ್ಲಿದೆ. 50ರಿಂದ 100ಕ್ಕೆ ಹೋದಾಗ ದುಪ್ಪಟ್ಟು, 700ರಿಂದ 800ಕ್ಕೆ ಹೋದಾಗ ಬರೀ 14 ಶೇಕಡಾ. ಆಟ ಬಿಗಿಯಾಗಬೇಕಾದ ಹೊತ್ತಿಗೇ ಸಡಿಲ ಬಿಟ್ಟಿದ್ದೀರಿ. ಪ್ರತಿ ಲೆವೆಲ್‌ಗೆ 33ರಿಂದ 50 ಶೇಕಡಾ ಏರಬೇಕು, ಒಂದೆರಡು ಕಡೆ ಚೂರು ಹೆಚ್ಚಾದರೆ ಪರವಾಗಿಲ್ಲ.

ತಲಾ 5,000 ಕೊಡಿ. ಬಿಳಿ 25, ಕೆಂಪು 100, ಹಸಿರು 500, ಕಪ್ಪು 1,000, ನೀಲಿ 5,000 ಅಂತ ಇಟ್ಟುಕೊಂಡು ಒಬ್ಬರಿಗೆ 8 ಬಿಳಿ, 8 ಕೆಂಪು, 4 ಹಸಿರು, 2 ಕಪ್ಪು. 27 ಜನಕ್ಕೆ ಬಿಳಿ 216, ಕೆಂಪು 216, ಹಸಿರು 108, ಕಪ್ಪು 54 ಬೇಕು; ನಿಮ್ಮಲ್ಲಿ ಧಾರಾಳ ಇದೆ. ಹಿಂದಿನ ರಾತ್ರಿಯೇ 27 ಜಿಪ್ ಕವರ್‌ಗೆ ಎಣಿಸಿ ಹಾಕಿಡಿ. ಬಣ್ಣ-ಬೆಲೆ ಚೀಟಿ ಮೂರೂ ಟೇಬಲ್‌ಗೆ ಅಂಟಿಸಿ, ಇಲ್ಲದಿದ್ದರೆ "ಹಸಿರು ಎಷ್ಟು?" ಅಂತ ಕೇಳುವುದರಲ್ಲೇ ಮೊದಲ ಲೆವೆಲ್ ಕಳೆದುಹೋಗುತ್ತದೆ.

ಒಟ್ಟು 1,35,000. 20ರಿಂದ ಭಾಗಿಸಿದರೆ 6,750. ಹಾಗಾಗಿ ಕೊನೆ ಲೆವೆಲ್ 3000/6000 ಆಗುವಂತೆ ಹಿಂದಿನಿಂದ ಮುಂದಕ್ಕೆ ಬರೆದುಕೊಂಡು ಬನ್ನಿ:

25/50, 50/100, 75/150, 100/200, 150/300
(ವಿರಾಮ, 25ರ ಚಿಪ್ ಆಟದಿಂದ ತೆಗೆಯಿರಿ)
200/400, 300/600, 400/800, 600/1200
(ವಿರಾಮ, 100ರ ಚಿಪ್ ತೆಗೆಯಿರಿ)
1000/2000, 1500/3000, 2000/4000, 3000/6000

13 ಲೆವೆಲ್, ಒಂದಕ್ಕೆ 16 ನಿಮಿಷ, 10 ನಿಮಿಷದ 2 ವಿರಾಮ. 228 ನಿಮಿಷ.

ಬಿಳಿ ಚಿಪ್ಪನ್ನು 150/300 ಮುಗಿಯುವ ಮೊದಲೇ ತೆಗೆಯಬೇಡಿ. ತೆಗೆದರೆ ಸ್ಮಾಲ್ ಬ್ಲೈಂಡ್ 150 ಕೊಡಲು ಚಿಲ್ಲರೆ ಇರುವುದಿಲ್ಲ, ಬಸ್ ಕಂಡಕ್ಟರ್ ಕಥೆ ಆಗುತ್ತದೆ.

ಬಟನ್‌ಪಕ್ಕ

ಲೆಕ್ಕ ಸರಿ, ಆದರೆ 16 ನಿಮಿಷ ಒಪ್ಪಲ್ಲ. ಆಡುವವರೇ ಎಲೆ ಹಂಚುವ 9 ಜನರ ಟೇಬಲ್‌ನಲ್ಲಿ ಗಂಟೆಗೆ 20–25 ಹ್ಯಾಂಡ್ (ಒಂದು ಸಲ ಎಲೆ ಹಂಚಿ ಮುಗಿಸುವ ಆಟ) ಆದರೆ ಹೆಚ್ಚು. 16 ನಿಮಿಷಕ್ಕೆ 5 ಅಥವಾ 6. ಎಲ್ಲರೂ ಒಂದೊಂದು ಸಲ ಹಂಚುವ ಒಂದು ಸುತ್ತೂ ಮುಗಿಯದೆ ಬ್ಲೈಂಡ್ ಏರುತ್ತದೆ.

25/50 ಲೆವೆಲ್ಲೇ ತೆಗೆದುಬಿಡಿ. 50/100ರಿಂದ ಶುರುಮಾಡಿದರೂ ಕೈಯಲ್ಲಿ 50 ಬಿಗ್ ಬ್ಲೈಂಡ್ ಇರುತ್ತದೆ, ಮನೆ ಆಟಕ್ಕೆ ಅಷ್ಟು ಸಾಕು. ಆಗ 12 ಲೆವೆಲ್, ತಲಾ 18 ನಿಮಿಷ.

ಇದಕ್ಕಿಂತ ಮುಖ್ಯವಾದದ್ದು ಟೇಬಲ್‌ಗೆ 2 ಪ್ಯಾಕ್ ಎಲೆ, ಹಿಂಬದಿ ಬಣ್ಣ ಬೇರೆ ಬೇರೆ. ಒಬ್ಬರು ಕೆಂಪು ಪ್ಯಾಕ್ ಹಂಚುವಾಗ ಹಿಂದಿನ ಸಲ ಹಂಚಿದವರು ನೀಲಿ ಪ್ಯಾಕ್ ಕಲಸಿ, ಮುಂದೆ ಹಂಚುವವರ ಬಲಗೈ ಪಕ್ಕ ಇಡಬೇಕು. ಹ್ಯಾಂಡ್ ಮುಗಿದ ಕೂಡಲೇ ಹಂಚಿಕೆ ಶುರು.

ಚಿಪ್‌ಲೆಕ್ಕ

ಹೊಸಬರು ಇದ್ದರೆ ಆ ಒಂದು ಲೆವೆಲ್ ಕೈ ಪಳಗಿಸಿಕೊಳ್ಳಲು ಅನುಕೂಲ ಅಂತ ಇಟ್ಟಿದ್ದೆ. ಸರಿ, ತೆಗೆಯೋಣ. ಆದರೆ 18 ನಿಮಿಷ ಇಟ್ಟರೆ 236 ಆಗುತ್ತದೆ, ಉಳಿಯುವುದು 4 ನಿಮಿಷ. ಚಿಪ್ ಎತ್ತಿಡುವುದು ಯಾವಾಗ? 17 ಇಡಿ. 5:00ಕ್ಕೆ ಶುರು, 6:08ಕ್ಕೆ ಮೊದಲ ವಿರಾಮ, 6:18ರಿಂದ 7:26, ಮತ್ತೆ 7:36ರಿಂದ 8:44. ಒಂದೊಂದು ಭಾಗದಲ್ಲೂ 4 ಲೆವೆಲ್. 8:44ಕ್ಕೂ ಇಬ್ಬರು ಉಳಿದಿದ್ದರೆ 4000/8000 ಹಾಕಿ. ಆಗ ಇಡೀ ಟೇಬಲ್ ಮೇಲೆ ಇರುವುದೇ 17 ಬಿಗ್ ಬ್ಲೈಂಡ್, ಹೆಚ್ಚು ಹೊತ್ತು ನಡೆಯಲ್ಲ.

ಅಲಾರಂ ಹೊಡೆದಾಗ ನಡೆಯುತ್ತಿರುವ ಹ್ಯಾಂಡ್ ಹಳೇ ಬ್ಲೈಂಡ್‌ನಲ್ಲೇ ಮುಗಿಯುತ್ತದೆ. ಸಾಮಾನ್ಯ ನಿಯಮದಲ್ಲಿ ಎಲೆ ಕಲಸಲು ಶುರುಮಾಡಿದರೇ ಹೊಸ ಹ್ಯಾಂಡ್. ಆದರೆ 2 ಪ್ಯಾಕ್ ಇಟ್ಟಾಗ ಕಲಸುವುದು ಮೊದಲೇ ನಡೆದಿರುತ್ತದೆ, ಆದ್ದರಿಂದ "ಮೊದಲ ಎಲೆ ಹಂಚಿದಾಗ" ಅಂತ ನೀವೇ ಸಾರಿಬಿಡಿ.

ಕೊನೆಎಲೆ

ತುಂಬಾ ಉಪಕಾರ. ರೀಬೈ ಪೂರ್ತಿ ನಿಲ್ಲಿಸಿದರೆ ಜನ ಒಪ್ಪಲ್ಲ. 5:20ಕ್ಕೆ ಔಟ್ ಆದವರು ಮನೆಗೆ ಹೋಗಬೇಕಾ ಅಂತ ಜಗಳ. ಮತ್ತೆ ಟೇಬಲ್ ಒಡೆಯುವಾಗ (ಅಲ್ಲಿದ್ದವರನ್ನು ಬೇರೆ ಟೇಬಲ್‌ಗೆ ಕಳಿಸುವಾಗ) ಯಾರು ಎದ್ದು ಹೋಗಬೇಕು ಅನ್ನುವುದೂ ಪ್ರತಿ ಸಲ ರಗಳೆ.

ಚಿಪ್‌ಲೆಕ್ಕ

ಒಬ್ಬರಿಗೆ ಒಂದೇ ಸಲ, ಅದೂ ಎರಡನೇ ಲೆವೆಲ್ ಮುಗಿಯುವವರೆಗೆ, ಅಂದರೆ 5:34. 8 ಜನ ತೆಗೆದುಕೊಂಡರೆ ಒಟ್ಟು 1,75,000 ಆಗುತ್ತದೆ, 20ರಿಂದ ಭಾಗಿಸಿದರೆ 8,750. ಮೀಸಲಿಟ್ಟ 4000/8000 ಅದಕ್ಕೇ. ರೀಬೈ ಚಿಪ್ಪನ್ನು 2 ಕಪ್ಪು, 6 ಹಸಿರಾಗಿ ಕೊಡಿ. ಇನ್ನಷ್ಟು ಬಿಳಿ ಸುರಿದರೆ ವಿರಾಮದಲ್ಲಿ ಎಣಿಸಿ ಸಾಯಬೇಕು.

25 ತೆಗೆಯುವಾಗ ಮಿಕ್ಕಿದ ಚಿಲ್ಲರೆಯನ್ನು ಮುಂದಿನ 100ಕ್ಕೆ ಏರಿಸಿ ಕೊಟ್ಟುಬಿಡಿ. 18 ಜನ ಇದ್ದರೂ ಹೆಚ್ಚೆಂದರೆ 1,350, ಒಟ್ಟಿನ ಶೇಕಡಾ 1. 100 ತೆಗೆಯುವಾಗ ಹಾಗೆ ಮಾಡಬೇಡಿ, ಒಬ್ಬರಿಗೇ 400ರವರೆಗೆ ಪುಕ್ಕಟೆ ಹೋಗುತ್ತದೆ. ಮಿಕ್ಕ ಒಂದೊಂದು ಕೆಂಪು ಚಿಪ್‌ಗೆ ಒಂದೊಂದು ಎಲೆ ಹಂಚಿ, ದೊಡ್ಡ ಎಲೆ ಬಂದವರಿಂದ ಶುರುಮಾಡಿ ತಲಾ ಒಂದೇ ಹಸಿರು ಕೊಡಿ. ಯಾರ ಬಳಿಯಾದರೂ ಕೆಂಪು ಚಿಪ್ ಮಾತ್ರ ಇದ್ದು ಎಲೆ ಸಣ್ಣದು ಬಂದರೂ ಅವರನ್ನು ಇದರಲ್ಲಿ ಔಟ್ ಮಾಡುವಂತಿಲ್ಲ, ಒಂದು ಹಸಿರು ಕೊಡಲೇಬೇಕು.

ಬಟನ್‌ಪಕ್ಕ

ಟೇಬಲ್ ವಿಷಯ ನಾನು ಹೇಳುತ್ತೇನೆ. ಕೂರುವ ಜಾಗ ಎಲೆ ಎತ್ತಿ ನಿರ್ಧರಿಸಿ: ಇಸ್ಪೀಟು ಟೇಬಲ್ 1, ಆಟೀನು 2, ಕ್ಲಾವರ್ 3. ಎಕ್ಕದಿಂದ 9ರವರೆಗೆ ಸೀಟ್. 27 ಎಲೆ, 27 ಜನ. "ನಾನು ಅವರ ಪಕ್ಕ" ಅನ್ನುವ ಮಾತೇ ಬರಲ್ಲ.

18 ಜನ ಉಳಿದಾಗ ಟೇಬಲ್ 3 ಒಡೆಯುತ್ತದೆ, 9 ಜನ ಉಳಿದಾಗ ಟೇಬಲ್ 2. ಇದನ್ನು ಶುರುವಿನಲ್ಲೇ ಬರೆದು ಹಾಕಿ. ಅಲ್ಲಿಯವರೆಗೆ ಎರಡು ಟೇಬಲ್ ನಡುವೆ 2 ಜನರ ವ್ಯತ್ಯಾಸ ಬಂದ ಕೂಡಲೇ ಒಬ್ಬರನ್ನು ಕಳಿಸಿ. ಹೆಚ್ಚು ಜನ ಇರುವ ಟೇಬಲ್‌ನಲ್ಲಿ ಮುಂದಿನ ಹ್ಯಾಂಡ್‌ಗೆ ಯಾರು ಬಿಗ್ ಬ್ಲೈಂಡ್ ಆಗುತ್ತಾರೋ ಅವರೇ ಏಳಬೇಕು, ಹೊಸ ಟೇಬಲ್‌ನಲ್ಲಿ ಬಿಗ್ ಬ್ಲೈಂಡ್‌ಗೆ ಅತಿ ಹತ್ತಿರದ ಖಾಲಿ ಸೀಟಿನಲ್ಲಿ ಕೂರಬೇಕು, ಸ್ಮಾಲ್ ಬ್ಲೈಂಡ್ ಸೀಟ್ ಬಿಟ್ಟು. ಹೀಗೆ ಮಾಡಿದರೆ ಬ್ಲೈಂಡ್ ತಪ್ಪಿಸಿಕೊಂಡರು ಅಂತ ಯಾರೂ ಬೊಟ್ಟು ಮಾಡಲ್ಲ.

ಫೈನಲ್ ಟೇಬಲ್‌ಗೆ ಎಲ್ಲರೂ ಹೊಸದಾಗಿ ಎಲೆ ಎತ್ತಬೇಕು, ಬಟನ್‌ಗೂ (ಹಂಚುವ ಸರದಿಯ ಗುರುತು) ಎತ್ತಬೇಕು.

ಕೊನೆಎಲೆ

4 ಜನ ಉಳಿದಿದ್ದಾಗ ಒಂದೇ ಹ್ಯಾಂಡ್‌ನಲ್ಲಿ ಇಬ್ಬರು ಔಟ್ ಆದರೆ ಮೂರನೇ ಟ್ರೋಫಿ ಯಾರಿಗೆ?

ಬಟನ್‌ಪಕ್ಕ

ಆ ಹ್ಯಾಂಡ್ ಶುರುವಾದಾಗ ಯಾರ ಮುಂದೆ ಹೆಚ್ಚು ಚಿಪ್ ಇತ್ತೋ ಅವರಿಗೆ. ಎಲೆ ತೆರೆಯುವ ಮೊದಲೇ ಇಬ್ಬರದ್ದೂ ಎಣಿಸಿ ಜೋರಾಗಿ ಹೇಳಿ. ಚಿಪ್ ಪಾಟ್‌ಗೆ (ನಡುವಿನ ರಾಶಿಗೆ) ಸೇರಿದ ಮೇಲೆ ಯಾರದ್ದು ಎಷ್ಟು ಅಂತ ತಿಳಿಯಲ್ಲ. ಕೊನೆಗೆ ಇಬ್ಬರೇ ಉಳಿದಾಗ ಬಟನ್ ಇರುವವರೇ ಸ್ಮಾಲ್ ಬ್ಲೈಂಡ್: ಫ್ಲಾಪ್‌ಗೆ (ನಡುವೆ ತೆರೆದಿಡುವ ಮೊದಲ 3 ಎಲೆ) ಮೊದಲು ಅವರದ್ದೇ ಮೊದಲ ಮಾತು, ಆಮೇಲೆ ಕೊನೇ ಮಾತು. ಇದನ್ನು ಉಲ್ಟಾ ಮಾಡುವವರೇ ಜಾಸ್ತಿ.